ಮೂರನೇ ಭಾಗ, ನಿಧಾನ

…ಅದಲ್ಲ ಕಣೇ, ಅದಲ್ಲ! ನಿಲ್ಲಿಸು. ಸಂಗೀತ ಕಟ್ಟಿದವನು ನಿಧಾನ ಅಂತ ಬರೆದಿದ್ದಾನೆ ಅಂದ್ರೆ ಹೆಣ ಹೊತ್ತವರ ಹಾಗೆ ನಡೀಬೇಕಾ? ಮಲಗಿದ ಮಗೂನ ಎತ್ತಿಕೊಂಡು ಮೆಟ್ಟಿಲು ಇಳೀತೀವಲ್ಲ, ಆ ನಿಧಾನ. ಕಾಲು ತಡವರಿಸಬಾರದು, ನಿಲ್ಲಲೂಬಾರದು… ಯಾಕೆ ನಗ್ತೀಯಾ? ನಿನ್ನ ಗಂಡನ್ನ ಹಾಗೇ ಎತ್ತಿಕೊಂಡು ಇಳಿದವಳು ನಾನು. ಆಗಲೇ ಗೊರಕೆ ಹೊಡೀತಿದ್ದ, ಭೂಪ.

ಫೋನಿನ ಟಿಕ್ ಟಿಕ್ ಬೇಡ, ತೆಗಿ ಅದನ್ನ. ತಾಳ ಹಿಡಿಯೋಕೆ ನನ್ನ ಹಳೇ ಮೆಟ್ರೊನೋಮೇ ಸಾಕು. ಕಡ್ಡಿ ಆ ಕಡೆ ಈ ಕಡೆ ಆಡೋದು ಕಣ್ಣಿಗೆ ಕಾಣುತ್ತೆ… ಏನು? ಪಿಟೀಲನ್ನ ಗಲ್ಲದ ಕೆಳಗೆ ಒತ್ತಿಕೊಂಡು ಗೊಣಗಬೇಡ, ಮುಖ ಎತ್ತಿ ಹೇಳು… ಕುಂಟುತ್ತಾ? ತಾಳ ಕುಂಟುತ್ತಾ? ಎಲ್ಲಿ ಕುಂಟುತ್ತೆ! ಚೆನ್ನಾಗೇ ಇದೆ. ನಿನ್ನ ಕಿವಿ ತೊಳ್ಕೋ.

ನೋಡು, ನಾಳೆ ವಾದ್ಯವೃಂದದವರ ಆಯ್ಕೆ. ಹೋದ ಸಲ ನೀನು ಮುಂದೆ ಮುಂದೆ ಓಡಿದೆ, ನಾನು ಪಿಯಾನೋದಲ್ಲಿ ಹಿಂದೆ ಉಳಿದೆ, ಸಿಗೋ ಕೆಲಸ ಕೈತಪ್ಪಿತು. ಬಿಡು, ಅದನ್ನ ಮತ್ತೆ ಎತ್ತಲ್ಲ ಅಂದಿದ್ದೆ, ಎತ್ತಲ್ಲ. ಆದರೆ ಈ ಸಲ ಬೇರೆ ಯಾರನ್ನೋ ಪಿಯಾನೋಗೆ ಕರೆಸೋಣ ಅಂತ ಗಂಡ ಹೆಂಡತಿ ಹೊಂಚು ಹಾಕಿದ್ದೀರಲ್ಲ… ಕಣ್ಣು ಕೆಳಗೆ ಹಾಕ್ಬೇಡ. ಫ್ರಿಜ್ ಬಾಗಿಲಿಗೆ ಆ ಪಿಯಾನೋದವನ ಕಾರ್ಡು ಸಿಕ್ಕಿಸಿದ್ದೀರಿ, ನಂಗೇನು ಕಣ್ಣಿಲ್ವಾ?

ಅವನಿಗೆ ಇದು ಬರುತ್ತಾ? ಇನ್ನೂರೈವತ್ತು ಮುನ್ನೂರು ವರ್ಷದ ಹಿಂದಿನ ಸಂಗೀತ ಇದು. ಕಟ್ಟಿದವನು ಪಿಯಾನೋಗೆ ಕೆಳಗಿನ ಒಂದೇ ಸಾಲು ಬರೆದಿದ್ದಾನೆ, ಅದರ ಮೇಲೆ ಸಣ್ಣ ಸಣ್ಣ ಅಂಕಿ. ಉಳಿದದ್ದೆಲ್ಲ ಪಿಟೀಲು ಏನು ಹೇಳ್ತಿದೆ ಅಂತ ಕೇಳಿಸಿಕೊಂಡು, ಆಗಿಂದಾಗ ನಾವೇ ತುಂಬಬೇಕು. ಅದಕ್ಕೆ ಕಾಲೇಜಿನಲ್ಲಿ ನಂಗೆ ಪದಕ ಕೊಟ್ಟಿದ್ದು. ಈ ಮನೇಲಿ ನಿನ್ನ ಪಕ್ಕ ಕೂರೋಕೆ ನಾನಿರುವಾಗ ಹೊರಗಿನವನು ಯಾಕೆ? …ಆ? ಎಲ್ಲಿಗೆ ಹೊರಟೆ?

ಓ… ಇಸ್ತ್ರಿಯವನಾ. ಹೂಂ ಹೂಂ, ಬೆಲ್ ಕೇಳಿಸ್ತು ನಂಗೂ. ನಿನ್ನ ಏಕಾಗ್ರತೆ ಕೆಡಬಾರದು ಅಂತ ಸುಮ್ಮನಿದ್ದೆ. ಬಟ್ಟೆ ಅಲ್ಲೇ ಇಡು, ಬಾ.

ಈಗ ನೀನೊಬ್ಬಳೇ ನುಡಿಸು. ನಾನು ಕೇಳ್ತೀನಿ, ಕೇಳಿ ದಿನಚರೀಲಿ ಬರ್ಕೋತೀನಿ. ಇವತ್ತಿನ ತಾರೀಖು… ವೇಗ… ಭಾವದ ಜಾಗ ಖಾಲಿ ಬಿಟ್ಟಿದ್ದೀನಿ. ಈ ಇ ಮೈನರ್ ಇದೆಯಲ್ಲ, ಅದು ಗೋಳೋ ಅಂತ ಅಳೋ ಶ್ರುತಿ ಅಲ್ಲ. ಅತ್ತು ಮುಗಿಸಿ, ಮುಖ ತೊಳ್ಕೊಂಡು, ಬಂದವರ ಎದುರು ಕೂತವಳ ಶ್ರುತಿ. ಅಷ್ಟು ಬಿಗಿ ಇರಬೇಕು. ಮೊದಲನೇ ಪುಟದಿಂದ ಹೊರಡು.

…ಏನಂದೆ? ಕಣ್ಣು ಮುಚ್ಚಿ ಕೇಳಬೇಕಾ? ಯಾಕೆ ಮುಚ್ಚಲಿ? ನಿನ್ನ ಕಮಾನು ನೋಡೋದು ಬೇಡ್ವಾ? ನುಡಿಸು, ನುಡಿಸು.

ಹೂಂ… ಕಮಾನು ಪೂರ್ತಿ ಎಳಿ… ಹಾಗೆ… ಭೇಷ್. ಮೊಣಕೈ ಇಳಿಸು. ಎರಡನೇ ಸಲ ಬರುವಾಗ ಅಲ್ಲಿ ಸ್ವಲ್ಪ ಅಲಂಕಾರ… ಆಹಾ! ಬೆರಳು ಹೇಗೆ ನಡುಗಿತು ನೋಡು! ಪುಟ ತಿರುಗಿಸಲಾ? ಇಗೋ. ಇದೇ ಕಣೇ, ಇಷ್ಟು ದಿನ ನಾನು ಬಡ್ಕೊಂಡಿದ್ದು ಇದನ್ನೇ. ಎಷ್ಟು ಮೆತ್ತಗೆ! ಒಂದಿಷ್ಟೂ ಕರಕರ ಇಲ್ಲ… ಈಗ ಕೊನೆ ಬಂತು, ಕೊನೆ… ಇಡೀ ಭಾಗ ದುಃಖದಲ್ಲೇ ಬಂದು, ಮುಗಿಯುವಾಗ ಒಂದೇ ಒಂದು ಸ್ವರ ಅರ್ಧ ಸ್ವರದಷ್ಟು ಮೇಲೇರುತ್ತೆ. ಎರಡನೇ ಬೆರಳು, ಒಂದು ಚೂರು ಮೇಲೆ… ಏರಿಸಿದೆ! ಶಹಬ್ಬಾಸ್! ಕಿಟಕಿ ತೆಗೆದ ಹಾಗಾಯ್ತು!

ತಾಳು, ಬರ್ಕೋತೀನಿ. ‘ಇಂದು ಭಾವ ಬಂತು.’ ಪೆನ್ನಿನಲ್ಲೇ ಬರೆದೆ ನೋಡು. ಇನ್ನು ಆ ಕಾರ್ಡು ಹರಿದು ಹಾಕು.

…ಯಾಕೆ ಹಾಗೆ ನಿಂತಿದ್ದೀಯಾ? ಹೊಗಳಿದ್ರೂ ಅಳ್ತಾರೇನೇ? ನಾನೇನು ದಿನಾ ಹೊಗಳ್ತೀನಾ? ಇರು, ಮಣಿಕಟ್ಟು ಒಂಚೂರು ಬಿಗಿಯಾಗಿದೆ, ನಾನು ಎದ್ದು ಬರ್ತೀನಿ. ಆ ಕೊನೇ ಸ್ವರ ಇನ್ನೊಂದು ಸಲ ಎಳಿ. ನಾನು ಇಲ್ಲಿ, ಪಿಟೀಲಿನ ಮೇಲೆ ಬೆರಳು ಇಟ್ಕೊಂಡಿರ್ತೀನಿ. ಎಳಿ.

ಎಳಿಯೇ.

ಎಳೀತಿದ್ದೀಯಲ್ಲ… ಮತ್ತೆ ಬೆರಳಿನ ಕೆಳಗೆ ಮರ ಯಾಕೆ ಅದುರದೆ ಸುಮ್ಮನಿದೆ?

…ಕಮಾನು ತಂತಿಗೆ ತಾಗ್ತಾನೇ ಇಲ್ಲ. ಕೂದಲೆಳೆಯಷ್ಟು ಮೇಲಿದೆ.

ನಗಬೇಡ… ಇಲ್ಲ, ನೀನು ನಗ್ತಿಲ್ಲ. ಏನಾದರೂ ಅನ್ನು. ಬಾಯಿಬಿಟ್ಟು ಬೈದುಬಿಡು, ಪರವಾಗಿಲ್ಲ, ತುಟಿ ನೋಡಿದ್ರೆ ನಂಗೆ ತಿಳಿಯುತ್ತೆ… ಪಿಯಾನೋದ ಮಂದ್ರ ಇನ್ನೂ ಬರುತ್ತೆ ಕಣೇ, ನಿಜವಾಗ್ಲೂ, ಕಾಲಿನಲ್ಲಿ ಬರುತ್ತೆ. ನಿನ್ನ ಪಿಟೀಲು ಮಾತ್ರ… ಕಮಾನು ನೋಡ್ಕೊಂಡು ನಡೆಸಬಹುದು ಅಂದ್ಕೊಂಡೆ.

ಕಮಾನು ಎಲ್ಲಿಂದ ಎತ್ತಿದ್ದೆ? ಹೇಳಬೇಡ, ಹಾಳೆ ಮೇಲೆ ಬೆರಳಿಟ್ಟು ತೋರಿಸು. ಈ ಸಾಲು? …ಇನ್ನೂ ಮೇಲಾ? ಅಲಂಕಾರ ಬಂತಲ್ಲ, ಅಲ್ಲಾದರೂ… ಅಲ್ಲೂ ಇಲ್ವಾ? ಯಾಕಮ್ಮಾ, ಪುಟ ಯಾಕೆ ಹಿಂದಕ್ಕೆ ತಿರುಗಿಸ್ತಿದ್ದೀಯಾ… ಸಾಕು. ಸಾಕು, ಬೆರಳು ತೆಗಿ.

ಆ ಕಾರ್ಡು ತಗೊಂಬಾ. ಫೋನ್ ನೀನೇ ಮಾಡು.