ದೋಣಿಯವರಿಗೆ ಕರದಂಟು

ತಮ್ಮ ತೀರಿಕೊಂಡ ಸುದ್ದಿ ಬಂದ ಮುಂಜಾನೆ, ಇಳಕಲ್ಲಿಗೆ ಹೋಗಲು ಅಮೀನಗಡದಲ್ಲಿ ಬಸ್ಸು ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಬರಸಾಬ ಎಂಬವರು ತಂಗಿಯ ಮಗಳು ಅಫ್ಸಾನಾಳನ್ನು ಕೇಳುತ್ತಿದ್ದರು.

“ಟ್ಯೂನಾ ಮೀನಿಗೆ ಎಂಥಾ ಸರ್ಟಿಫಿಕೇಟವ್ವಾ?”

“ಸಮುದ್ರದಾಗ ಮೀನ ಉಳಿಯೂಹಂಗ ಗಾಳದಿಂದ ಹಿಡದ್ರಷ್ಟ ಕೊಡ್ತೇವಿ, ಮಾಮೂ. ನಾ ದೋಣಿ ನೋಡಿ ಬರಬೇಕು.”

“ನೀ ಇದ್ದಾಗ ಗಾಳ ಹಾಕ್ತಾರ, ಇಳದ ಮ್ಯಾಲೆ ಬಲಿ ಬೀಸ್ತಾರ.”

“ಅದಕ್ಕ ಅವರಿಗೆ ಹೇಳಲಾರದ ಹೊಂಟೇನಿ.”

“ಇಷ್ಟ ಕರದಂಟು ಯಾರಿಗೆ?”

“ದೋಣಿಯವರಿಗೆ. ಬರಿಗೈಲೆ ಹೆಂಗ ಹೋಗ್ಲಿ? ಎಷ್ಟ ಮಂದಿ ಅದೀರಿ ಅಂತ ಫೋನ ಮಾಡಿ ಕೇಳೀನಿ.”

“ಕೇಳಿದಿ?”

ಆಕೆ ಕರದಂಟಿನ ಚೀಲ ಬಿಚ್ಚಿದಳು. ಆಮೇಲೆ ಪೊಟ್ಟಣಗಳನ್ನು ಅವರ ಕೈಗಿಟ್ಟಳು.

“ನೀವ ತಿನ್ರಿ. ಮುಂದಿನ ತಿಂಗಳ ಹೋಗ್ತೇನಿ.”

“ಆವಾಗ ಯಾರಿಗೂ ಫೋನ ಮಾಡಬ್ಯಾಡ.”

ಇಬ್ಬರೂ ಮನೆಯ ಕಡೆ ನಡೆದರು. ಶಿವನೇ, ಯಾರನ್ನೂ ಸಂಶಯಿಸದೆ ಬದುಕಿದ ನನ್ನ ತಮ್ಮನಿಗೆ ನಿನ್ನ ಪಾದದಲ್ಲಿ ಶಾಂತಿ ಕೊಡು.