ಗಿರಿಯಪ್ಪನ ಗಂಟು

“ಹೋದ್ವಾರ ನೀವೆಲ್ಲ ವ್ಯಾನ್ ಮಾಡ್ಕೊಂಡು ವರದಹಳ್ಳಿಗೆ ಹೋಗಿದ್ರಲ್ಲ, ಅವತ್ತು ಲಿಂಗನಮಕ್ಕಿ ಡ್ಯಾಮಿನ ಅಷ್ಟೂ ನೀರನ್ನ ನಾನೊಬ್ನೇ ಈ ಒಂದು ಹೆಬ್ಬೆಟ್ಟಲ್ಲಿ ತಡೆದು ನಿಲ್ಸಿದೀನಿ. ಇಲ್ದಿದ್ರೆ ನೀವು ವಾಪಸ್ ಬರೋ ಹೊತ್ತಿಗೆ ನಿಮ್ಮ ಸೋಫಾ, ಫ್ರಿಜ್ಜು ಎಲ್ಲ ಜೋಗದ ಗುಂಡಿಯಲ್ಲಿ ತೇಲ್ತಿರ್ತಿತ್ತು!”

ಹೀಗಂದು ಮಾಸ್ತಪ್ಪ ತಮ್ಮ ಬಲಗೈ ಹೆಬ್ಬೆಟ್ಟನ್ನು ಒಲೆಯ ಬೆಳಕಿಗೆ ಎತ್ತಿ ಹಿಡಿದರು. ಯಾರೂ ಅದನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಹಂಡೆಯ ಮೇಲಿತ್ತು.

ಧನುರ್ಮಾಸದ ಚಳಿ. ಬೆಳಿಗ್ಗೆ ಎಲ್ಲೋ ಮರ ಬಿದ್ದು ಲೈನು ಕಡಿದದ್ದು, ಕತ್ತಲಾಗುತ್ತ ಬಂದರೂ ಕರೆಂಟಿನ ಸುಳಿವಿಲ್ಲ. ಬ್ಯಾಕೋಡಿನ ಹತ್ತಿರ, ಹಿನ್ನೀರಿನ ದಂಡೆಯಲ್ಲಿರುವ ಈ ‘ಜಲತೀರ’ ಅಪಾರ್ಟ್‌ಮೆಂಟಿನಲ್ಲಿ ಬೇಸಿಗೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲವಂತೆ. ಚಳಿಗಾಲದಲ್ಲಿ ಬೀಗ ಹಾಕಿದ ಬಾಗಿಲುಗಳೇ ಹೆಚ್ಚು. ಉಳಿದ ಕೆಲವೇ ಮನೆಯವರು ಗೀಸರನ್ನು ನಂಬಿದವರು. ಕರೆಂಟು ಕೈಕೊಟ್ಟ ದಿನ ಪಂಪ್‌ಹೌಸಿನ ಹಿಂದೆ ಸಂಘದ ತಾಮ್ರದ ಹಂಡೆಗೆ ಉರಿ ಹಾಕಿ, ಬಕೆಟ್ ಹಿಡಿದು ಸುತ್ತ ಕೂರುವುದು ಇಲ್ಲಿಯ ಪದ್ಧತಿ. ನಾನು ಬಾಡಿಗೆಗೆ ಬಂದು ಎರಡು ದಿನವಾಗಿತ್ತು. ನನ್ನ ಬಕೆಟ್ಟೂ ಸಾಲಿನಲ್ಲಿತ್ತು.

ನೀರಿನ ಕಡೆಯಿಂದ ಮಂಜಿನ ಕಾವಳ ಎದ್ದು, ಕಾಂಪೌಂಡ್ ದಾಟಿ, ನಮ್ಮ ಬೆನ್ನಿನವರೆಗೂ ಬಂದು ನಿಂತಿತ್ತು. ಮಾಸ್ತಪ್ಪನವರ ಹೆಂಡತಿ ಪುಷ್ಪಮ್ಮ ಒಲೆಗೆ ಸೌದೆ ತಳ್ಳುತ್ತಿದ್ದರು. ಮಾಸ್ತಪ್ಪನವರೆಂದರೆ ಇಲ್ಲಿಯ ಮೋಟರು, ಪೈಪು, ಲೈಟು ಎಲ್ಲವನ್ನೂ ನೋಡಿಕೊಳ್ಳುವ ಹಿರಿಯರು. ದಪ್ಪ ಕಂಬಳಿ, ಅದಕ್ಕಿಂತ ದಪ್ಪ ಮಾತು.

ಸಂಘದ ಅಧ್ಯಕ್ಷ ಮಂಜುನಾಥಪ್ಪ, ಸಾಗರದ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಹಂಡೆಯೊಳಗೆ ಬೆರಳದ್ದಿ ನೋಡಿದರು. “ಡ್ಯಾಮ್ ತಡೆದದ್ದು ಇರ್ಲಿ ಮಾಸ್ತಪ್ಪ, ಈ ನೀರು ಇನ್ನೂ ಉಗುರು ಬೆಚ್ಚಗೂ ಆಗಿಲ್ಲ. ನಮ್ಮ ಗಿರಿಯಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಕುದೀತಿತ್ತು.”

ಮಾಸ್ತಪ್ಪನವರ ಮುಖಕ್ಕೆ ಹೊಗೆ ಹೊಡೆದಂತಾಯಿತು. ಅವರು ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡು, ಎಲ್ಲರನ್ನೂ ಬಿಟ್ಟು ನನ್ನ ಕಡೆಗೆ ತಿರುಗಿದರು.

“ಪಂಪ್‌ಹೌಸ್ ಗೋಡೆಗೆ ಬೆನ್ನು ಕೊಟ್ಟು ಕೂತ್ಕೊಂಡು ಆ ಹೆಸರು ಹೇಳ್ತಾರಲ್ಲ, ಇವರ ಧೈರ್ಯಕ್ಕೆ ಮೆಚ್ಚಬೇಕು ಮಾರಾಯ್ರೆ. ನೀವು ಹೊಸಬರು. ನಿಮಗೆ ಗೊತ್ತಿರಬೇಕು, ಆಮೇಲೆ ಮಾಸ್ತಪ್ಪ ಹೇಳ್ಲಿಲ್ಲ ಅನ್ನಬಾರದು… ಗಿರಿಯಪ್ಪ ಅಂದ್ರೆ ನನಗಿಂತ ಮುಂಚೆ ಇಲ್ಲಿ ಈ ಕೆಲಸ ನೋಡ್ತಿದ್ದೋನು. ಎಡಚ. ಸ್ಪ್ಯಾನರ್ ಹಿಡಿಯೋದೂ ಎಡಗೈ, ಎಲೆಗೆ ಸುಣ್ಣ ಹಚ್ಚೋದೂ ಎಡಗೈ. ಹೋದ್ವರ್ಷ ಎದೆನೋವು ಅಂತ ಆಸ್ಪತ್ರೆಗೆ ಹೋದೋನು ವಾಪಸ್ ಬರ್ಲಿಲ್ಲ. ಬರ್ಲಿಲ್ಲ ಅಂತ ನಾವು ಅಂದ್ಕೊಂಡ್ವಿ…

“ಅವನದ್ದೊಂದು ಚಾಳಿ ಇತ್ತು. ಯಾವ ವಾಲ್ವು, ಯಾವ ನಲ್ಲಿ ರಿಪೇರಿಗೆ ಹಿಡಿದ್ರೂ ಹಳೆ ನೀಲಿ ಚೌಕಳಿ ಲುಂಗಿ ಹರಿದು, ಒಂದು ಚೂರು ತಗೊಂಡು ಅದಕ್ಕೆ ಗಂಟು ಹಾಕೋನು. ‘ಇದು ನಂದು, ಬೇರೆಯೋರು ಮುಟ್ಟಬೇಡಿ’ ಅಂತ ಅರ್ಥ. ಅದೆಂಥ ಗಂಟು ಅಂತೀರಿ! ನಾವು ನೀವು ಬಿಚ್ಚೋಕೆ ಹೋದಷ್ಟೂ ಬಿಗೀತಾ ಹೋಗ್ತದೆ. ಅವನು ಎಡಗೈ ಕಿರುಬೆರಳು ತೂರಿಸಿ ಎಳೆದ್ರೆ ಮಾತ್ರ ಸರಕ್ ಅಂತ ಬಿಡ್ತದೆ. ಶಿವಮೊಗ್ಗದಿಂದ ಎಂಜಿನಿಯರು ಬಂದು, ಗಂಟು ಬಿಚ್ಚೋಕಾಗ್ದೆ, ವಾಲ್ವನ್ನೇ ಕೊಯ್ಕೊಂಡು ಹೋಗಿದಾರೆ, ಬೇಕಾದ್ರೆ ಕೇಳಿ.”

“ಯಾವ ಎಂಜಿನಿಯರು?” ಎಂದರು ಕುಮುದಾ. ತುಮರಿ ಹೈಸ್ಕೂಲಿನ ಟೀಚರು, ನನ್ನ ಎದುರು ಮನೆಯವರು.

“ನೀವು ಶಾಲೆಗೆ ಹೋಗಿದ್ರಿ ಕುಮುದಕ್ಕ. ನೀವಿಲ್ಲದ ಹೊತ್ತಿಗೆ ಇಲ್ಲಿ ಏನೇನೋ ನಡೀತದೆ… ಇರ್ಲಿ. ಅವನು ಸತ್ತ ಮೇಲೆ ಬಂದ ಮೊದಲ ಚಳಿಗಾಲ. ಇದೇ ಕುಮುದಕ್ಕನ ಹಿತ್ತಲ ನಲ್ಲಿ ವಾರದಿಂದ ತೊಟ್ಟಿಕ್ಕುತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ… ನಿಂತಿದೆ! ನಲ್ಲಿ ಕುತ್ತಿಗೆಗೆ ನೀಲಿ ಚೌಕಳಿ ಗಂಟು! ಹೌದೋ ಅಲ್ವೋ?”

“ಅದು ಹೌದು,” ಎಂದರು ಕುಮುದಾ.

“ಕೇಳಿದ್ರಾ? ಮಾರನೇ ದಿನ ಗೇಟಿನ ಲೈಟು. ಅದರಾಚೆ ದಿನ ಅಧ್ಯಕ್ಷರ ಮನೆ ಗೀಸರ್ ಪೈಪು. ಎಲ್ಲಿ ಸರಿಯಾಯ್ತೋ ಅಲ್ಲಿ ಗಂಟು. ನಾನು ಕಣ್ಣಾರೆ ಕಂಡಿದೀನಿ ಮಾರಾಯ್ರೆ, ಕಾವಳದ ಮಧ್ಯೆ ಒಂದು ಕೈ. ಬರೀ ಕೈ! ಮೊಣಕೈಯಿಂದ ಮೇಲೆ ಎಂತದೂ ಇಲ್ಲ, ಬಾಗಿಲಿಗೆ ನೇತು ಹಾಕಿದ ಅಂಗಿ ತೋಳಿನ ಹಾಗೆ ಗಾಳಿಯಲ್ಲಿ ತೂಗ್ತಾ, ವಾಲ್ವಿನ ಚಕ್ರ ತಿರುಗಿಸ್ತಿದೆ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಪ್ರಾಣ ಬಿಡ್ತಿದ್ರು. ನಾನು ಎದೆ ಕೊಟ್ಟು ನಿಂತು, ‘ಏಯ್, ಬಲಗೈಯಲ್ಲಿ ತಿರುಗ್ಸೋ’ ಅಂತ ಗದರಿಸಿದೆ.”

“ಅವತ್ತು ನೀವು ಬಿಸಿಲು ಬರೋವರೆಗೂ ಮುಸುಕು ತೆಗೆದಿರ್ಲಿಲ್ಲ,” ಎಂದರು ಪುಷ್ಪಮ್ಮ, ಒಲೆಯಿಂದ ಕಣ್ಣು ತೆಗೆಯದೆ.

“ನೀನು ಸೌದೆ ನೋಡು… ಈಗ ಒಂದು ಮಾತು ಕೇಳ್ತೀನಿ, ನ್ಯಾಯವಾಗಿ ಹೇಳಿ. ದೆವ್ವ ಅಂದ್ರೆ ಜನ ಹೆದರಬೇಕೋ ಬೇಡ್ವೋ? ಬೀಗ ಜಡಿದು, ತಾಯತ ಕಟ್ಟಿಸ್ಕೊಂಡು, ಆ ಹೆಸರೆತ್ತಿದ್ರೆ ನಡುಗಬೇಕೋ ಬೇಡ್ವೋ? ಇವರು ಎಂತ ಮಾಡಿದ್ರು ಗೊತ್ತಾ? ಖುಷಿಪಟ್ರು! ‘ಅಯ್ಯೋ, ಗಿರಿಯಪ್ಪ ನಮ್ಮನ್ನ ಬಿಟ್ಟು ಹೋಗಿಲ್ವಲ್ಲ’ ಅಂತ ಕಣ್ಣೊರೆಸಿಕೊಂಡ್ರು! ಅಧ್ಯಕ್ಷರು ಸ್ನಾನ ಮಾಡಿ ಬಂದು ಈ ಪಂಪ್‌ಹೌಸ್ ಬಾಗಿಲಲ್ಲಿ ಕೈಮುಗಿದು ನಿಂತು, ‘ಗಿರಿಯಪ್ಪ, ನಮ್ಮ ಅಡುಗೆಮನೆ ಸಿಂಕು ಕಟ್ಟಿಕೊಂಡಿದೆ, ಸ್ವಲ್ಪ ನೋಡು ಮಾರಾಯ’ ಅಂತಾರೆ. ನಾನು ಅಲ್ಲೇ ಪಕ್ಕದಲ್ಲಿ, ಕೈಯಲ್ಲಿ ಸ್ಪ್ಯಾನರ್ ಹಿಡ್ಕೊಂಡು, ಜೀವ ಇಟ್ಕೊಂಡು ನಿಂತಿದೀನಿ! ನನ್ನ ಕಡೆ ತಿರುಗಿ ನೋಡ್ಬೇಕಲ್ಲ? ಬೆಳಿಗ್ಗೆ ಅವನಿಗೆ ಬಾಗಿಲಲ್ಲಿ ಕಾಫಿ ಬೇರೆ. ನನಗೆ ಇಷ್ಟು ಕಾಲದಲ್ಲಿ ಯಾರಾದ್ರೂ ಒಂದು ಲೋಟ…”

“ಮೊನ್ನೆ ಕೊಟ್ನಲ್ಲ ಮಾಸ್ತಪ್ಪಣ್ಣ?”

“ಅವನಿಗಿಟ್ಟು, ತಣ್ಣಗಾಗಿ, ಕೆನೆ ಕಟ್ಟಿದ ಮೇಲೆ ಕೊಟ್ರಿ ಕುಮುದಕ್ಕ! ಕುಡಿದೆ, ಇಲ್ಲ ಅನ್ನಲ್ಲ… ಕೆಟ್ಟರೆ ಮಾಸ್ತಪ್ಪ ಕೆಡಿಸಿದ್ದು, ಸರಿಯಾದ್ರೆ ಗಿರಿಯಪ್ಪ ಸರಿ ಮಾಡಿದ್ದು. ಹಾಡಹಗಲಲ್ಲಿ, ಇವರ ಕಣ್ಣೆದುರೇ ಏಣಿ ಹತ್ತಿ ಟ್ಯಾಂಕು ತೊಳೆದ್ರೆ, ‘ಗಿರಿಯಪ್ಪ ಮೈಮೇಲೆ ಬಂದ್ರೆ ಮಾಸ್ತಪ್ಪನೂ ಕೆಲಸ ಮಾಡ್ತಾನೆ’ ಅಂದ್ರು. ಸತ್ತೋನಿಗೆ ಸೊಂಟನೋವು ಉಂಟಾ? ಚಳಿ ಉಂಟಾ? ಅವನ ಜೊತೆ ಪೈಪೋಟಿ ಮಾಡೋದು ಹೇಗೆ ಹೇಳಿ…

“ಆಮೇಲೆ ಬಂತು ಈ ತಿಂಗಳ ವಾರ್ಷಿಕ ಕೂಟ. ‘ನಮ್ಮ ನೀರು ಕಾಯುವವರಿಗೆ ಸನ್ಮಾನ’ ಅಂತ ಬೋರ್ಡಿನ ಮೇಲೆ ಬರೆದ್ರು. ನೀರು ಕಾಯೋನು ಯಾರು? ನಾನು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದೆ. ಇವಳು ಎಣ್ಣೆ ಹಚ್ಚಿ ತಲೆ ಬಾಚಿದ್ಲು. ಮುಂದಿನ ಸಾಲಲ್ಲೇ ಕೂತೆ. ಅಧ್ಯಕ್ಷರು ಶಾಲು ಬಿಡಿಸಿದ್ರು ನೋಡಿ… ಮೈಸೂರು ಮಹಾರಾಜರ ಮನೆಯಲ್ಲೂ ಅಂಥದ್ದಿರಲಿಕ್ಕಿಲ್ಲ, ಕೆಂಪು ಅಂಚು, ಮೊಳದಗಲ ಜರಿ, ತುದಿಗೆ ರೇಷ್ಮೆ ಕುಚ್ಚು. ನಾನು ಎದ್ದೆ. ಎದ್ದು, ಹೊದಿಸೋಕೆ ಅನುಕೂಲವಾಗ್ಲಿ ಅಂತ ಕತ್ತೂ ಬಗ್ಗಿಸಿದೆ. ಆಗ ಅಧ್ಯಕ್ಷರು ಮೈಕಲ್ಲಿ, ‘ತೀರಿಕೊಂಡರೂ ನಮ್ಮ ನೀರನ್ನು ಕಾಯುತ್ತಿರುವ ಶ್ರೀ ಗಿರಿಯಪ್ಪನವರಿಗೆ’ ಅಂದು, ನನ್ನ ಪಕ್ಕದಲ್ಲೇ ಹಾದು ಹೋಗಿ ಫೋಟೋಕ್ಕೆ ಹೊದಿಸಿದ್ರು…”

ಸೌದೆ ಚಿಟಿಲ್ ಎಂದಿತು.

“ಎದ್ದೋನು ಹಾಗೇ ಕೂರೋದು ಹೇಗೆ? ಕುರ್ಚಿ ಸರಿ ಮಾಡೋಕೆ ಎದ್ದೋನ ಹಾಗೆ ಮಾಡಿದೆ. ಆಮೇಲೆ ಚಪ್ಪಾಳೆ ತಟ್ಟಿದೆ. ಎಲ್ಲರಿಗಿಂತ ಜೋರಾಗಿ ತಟ್ಟಿದೆ.”

ಮಂಜುನಾಥಪ್ಪ ಬಕೆಟ್ಟಿನ ಹಿಡಿ ಸರಿಮಾಡಿಕೊಂಡರು.

“ಆದ್ರೆ ದೆವ್ವದ ಆಟ ಇಲ್ಲಿಂದಾಚೆ ಕೇಳಿ!” ಮಾಸ್ತಪ್ಪ ಮತ್ತೆ ದನಿಯೇರಿಸಿದರು. “ಮಾರನೇ ಬೆಳಿಗ್ಗೆ ನೋಡಿದ್ರೆ ಫೋಟೋ ಬರೀ ಮೈಯಲ್ಲಿ! ಶಾಲು ಮಾಯ! ಸಂಘದ ಕೋಣೆ ಬಾಗಿಲಿಗೆ ಬೀಗ ಹಾಕಿದ ಹಾಗೇ ಇದೆ. ನಾನು ನೀರಿನ ಕಡೆ ಓಡಿ ನೋಡ್ತೀನಿ… ಗಿರಿಯಪ್ಪ ಆ ಶಾಲು ಹೊದ್ದು, ಹಿನ್ನೀರಿನ ಮೇಲೆ, ಕಾಲೂ ನೆನೆಯದ ಹಾಗೆ, ಲಾಂಚಿಗಿಂತ ಜೋರಾಗಿ ನಡ್ಕೊಂಡು ಹೋಗ್ತಿದಾನೆ! ಕಾವಳದಲ್ಲಿ ಬರೀ ಜರಿ ಹೊಳೀತಿದೆ…”

“ಮಾಸ್ತಪ್ಪಣ್ಣ,” ಎಂದರು ಕುಮುದಾ, “ಆ ಶಾಲಿನ ಅಂಚು ಯಾವ ಬಣ್ಣ ಅಂದ್ರಿ?”

“ಕೆಂಪು.”

“ನಿಮ್ಮ ಕಂಬಳಿ ಒಳಗಿಂದ ಇಣುಕ್ತಿರೋದು ಯಾವ ಬಣ್ಣ?”

ಎಲ್ಲರೂ ಬಗ್ಗಿ ನೋಡಿದೆವು. ಒಲೆಯ ಬೆಳಕಿಗೆ ಕುತ್ತಿಗೆಯ ಹತ್ತಿರ ಜರಿ ಪಳಪಳ ಹೊಳೆಯಿತು. ಮಾಸ್ತಪ್ಪ ಕಂಬಳಿ ಎಳೆದುಕೊಳ್ಳಲು ಹೋದರು. ಅದು ಇನ್ನಷ್ಟು ಜಾರಿತು.

“ನೋಡ್ಕೊಳ್ಳಿ ಇವರ ದೆವ್ವನ,” ಎಂದರು ಪುಷ್ಪಮ್ಮ. “ನನಗೂ ಹೇಳಿಲ್ಲ ನೋಡಿ! ಒಳಗೆ ಎಂತ ಸುತ್ಕೊಂಡಿದೀರಿ ಅಂದ್ರೆ ಹಳೆ ಪಂಚೆ ಅಂದ್ರು.”

ನಕ್ಕೆವು. ಮಂಜುನಾಥಪ್ಪ ಮಾತ್ರ ನಗಲಿಲ್ಲ. “ಹಾಗಾದ್ರೆ ಆ ಗಂಟುಗಳು?”

“ನಾನೇ.” ಮಾಸ್ತಪ್ಪನವರ ದನಿ ಕುಗ್ಗಿತ್ತು. “ಎಲ್ಲ ನಾನೇ. ನಲ್ಲಿ, ಲೈಟು, ಹೊರಗಿಂದ ನಿಮ್ಮ ಸಿಂಕಿನ ಪೈಪು… ಚಳಿಯಲ್ಲಿ ನೀವೆಲ್ಲ ಏಳೋ ಮುಂಚೆ ಎದ್ದು ಮಾಡಿ, ಗಂಟು ಕಟ್ಟಿ ಬರ್ತಿದ್ದೆ. ಯಾವಾಗ ನೋಡಿದ್ರೂ ಗಿರಿಯಪ್ಪ ಗಿರಿಯಪ್ಪ ಅಂತೀರಲ್ಲ, ಒಂದ್ಸಲ ಹೆದರಿಕೊಂಡ್ರೆ ಆ ಹೆಸರು ಬಿಡ್ತೀರಿ ಅಂತ. ನೀವು ಬಿಡ್ಲಿಲ್ಲ. ನಾನು ಮಾಡಿದ್ದೆಲ್ಲ ಅವನ ಪಾಲಾಯ್ತು. ಅವನ ಗಂಟು ನನಗೆ ಹಾಕೋಕೇ ಬರಲ್ಲ ಅಧ್ಯಕ್ಷರೆ, ನಾನು ಕಟ್ಟಿದ್ದು ದನ ಕಟ್ಟೋ ಗಂಟು. ಯಾರಾದ್ರೂ ಒಬ್ರು ಬಗ್ಗಿ ನೋಡಿದ್ರೆ ಗೊತ್ತಾಗ್ತಿತ್ತು. ಯಾರೂ ನೋಡ್ಲಿಲ್ಲ.”

“ಕೈಯೂ ಸುಳ್ಳು, ನೀರ ಮೇಲೆ ನಡೆದದ್ದೂ ಸುಳ್ಳು,” ಎಂದರು ಕುಮುದಾ. ಈಗ ಅವರ ಮಾತಿನಲ್ಲಿ ಕೆಣಕು ಇರಲಿಲ್ಲ. “ಹೆಬ್ಬೆಟ್ಟಿಂದ ಡ್ಯಾಮ್ ತಡೆದದ್ದು?”

ಮಾಸ್ತಪ್ಪ ತಮ್ಮ ಹೆಬ್ಬೆಟ್ಟನ್ನು ನೋಡಿಕೊಂಡರು. ಆಮೇಲೆ ಆಡಿದ ಮಾತು ಅವರ ಮಾತಿನಂತೆಯೇ ಇರಲಿಲ್ಲ. ಗಿಡ್ಡ ಗಿಡ್ಡ, ಅಲಂಕಾರವಿಲ್ಲದ ಮಾತು.

“ಡ್ಯಾಮ್ ಅಲ್ಲ. ಮೇಲಿನ ಟ್ಯಾಂಕಿಂದ ಬರೋ ಪೈಪು. ಈ ಪಂಪ್‌ಹೌಸ್ ಒಳಗೆ ತೂತು ಬಿತ್ತು. ನೀರು ನೇರ ಕರೆಂಟು ಬೋರ್ಡಿನ ಕಡೆ ಚಿಮ್ಮೋಕೆ ಶುರುವಾಯ್ತು. ಹೆಬ್ಬೆಟ್ಟು ಒತ್ತಿದೆ, ನಿಂತಿತು. ವಾಲ್ವು ಹೊರಗೆ, ಟ್ಯಾಂಕಿನ ಬುಡದಲ್ಲಿ. ಕೈ ಬಿಟ್ರೆ ಬೋರ್ಡು ಸುಡ್ತದೆ, ಬಿಡದಿದ್ರೆ ವಾಲ್ವು ಮುಚ್ಚೋರು ಯಾರು? ನೀವೆಲ್ಲ ವರದಹಳ್ಳಿಯಲ್ಲಿ. ಇವಳೂ ನಿಮ್ಮ ಜೊತೆ. ಕೂಗಿದೆ. ಒಂದು ನಾಯಿಯೂ ಓಗೊಡಲಿಲ್ಲ. ಕೈ ಮರಗಟ್ಟಿತು. ಕಡೆಗೆ… ಬೇರೆ ಹೆಸರು ಬಾಯಿಗೆ ಬರ್ಲಿಲ್ಲ. ‘ಗಿರಿಯಪ್ಪ, ವಾಲ್ವು ತಿರುಗಿಸೋ ಮಾರಾಯ’ ಅಂದೆ.”

ಸೌದೆ ತಳ್ಳುತ್ತಿದ್ದ ಪುಷ್ಪಮ್ಮನ ಕೈ ನಿಂತಿತು.

“ಹೆಬ್ಬೆಟ್ಟಿನಡಿ ನೀರಿನ ಒತ್ತಡ ಮೆಲ್ಲಗೆ ಇಳೀತು. ಮೆಲ್ಲಗೆ, ತಿಳಿದೋರು ಮುಚ್ಚಿದ ಹಾಗೆ. ನಾನು ಮುಚ್ಚಿದ್ರೆ ಧಡಕ್ ಅಂತ ಪೈಪು ಒದರ್ತದೆ. ಅದು ಒದರಲಿಲ್ಲ. ಹೋಗಿ ನೋಡಿದ್ರೆ ಚಕ್ರಕ್ಕೆ ನೀಲಿ ಚೌಕಳಿ ಗಂಟು. ಬಿಚ್ಚೋಕೆ ಹೋದೆ. ಬಿಗೀತು.”

ಅವರು ಶಾಲನ್ನು ಪೂರ್ತಿ ಹೊರಗೆಳೆದು ತೊಡೆಯ ಮೇಲೆ ಹರಡಿದರು. ಒಂದು ಬದಿಯ ರೇಷ್ಮೆ ಕುಚ್ಚುಗಳೆಲ್ಲ ಸಡಿಲಾಗಿ ತೂಗುತ್ತಿದ್ದವು. ಇನ್ನೊಂದು ಬದಿಯಲ್ಲಿ, ಮೂಲೆಯಿಂದ ಶುರುವಾಗಿ, ಕುಚ್ಚುಗಳಿಗೆ ಒಂದೊಂದಾಗಿ ಗಂಟು ಬಿದ್ದಿತ್ತು.

“ಅವತ್ತಿಂದ ದಿನಾ ಬೆಳಿಗ್ಗೆ ಒಂದು ಹೆಚ್ಚಾಗಿರ್ತದೆ. ನಾನು ಇದನ್ನ ಮೈಗೆ ಸುತ್ಕೊಂಡೇ ಮಲಗಿರ್ತೀನಿ. ಆದ್ರೂ.”

ಕುಮುದಾ ಒಂದು ಗಂಟನ್ನು ಹಿಡಿದು ಉಗುರಿನಿಂದ ಸಡಿಲಿಸಲು ನೋಡಿದರು. ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು. ಆಮೇಲೆ ಅದನ್ನು ಬಿಟ್ಟು, ಸೀರೆಗೆ ಕೈ ಒರೆಸಿಕೊಂಡರು.

“ಫೋಟೋಕ್ಕೆ ವಾಪಸ್ ಹಾಕಿಬಿಡ್ರೀ,” ಎಂದರು ಪುಷ್ಪಮ್ಮ. “ಅವನದ್ದು ಅವನಿಗೆ ಕೊಟ್ಟುಬಿಡಿ. ನಿಮ್ಮಪ್ಪನ ಗಂಟೇನು ಹೋಗ್ತದೆ?”

“ಕೊಡಲ್ಲ. ಕಾಫಿ ಅವನಿಗೆ, ಕೈಮುಗಿಯೋದು ಅವನಿಗೆ. ಇದು ನಂದು.”

ಮಂಜುನಾಥಪ್ಪ ಎದ್ದು ನಿಂತರು. ಅಧ್ಯಕ್ಷರ ದನಿಯನ್ನು ಹೇಗೋ ಹುಡುಕಿಕೊಂಡು ಹೇಳಿದರು: “ಮಾಸ್ತಪ್ಪ, ತಪ್ಪಾಯ್ತು ನಮ್ಮಿಂದ. ಆ ಶಾಲು ನಿನಗೇ. ಸಂಘದ ಪರವಾಗಿ ಹೇಳ್ತಿದೀನಿ, ನೀನೇ ಇಟ್ಕೋ.” ಆದರೆ ಅದನ್ನು ಎತ್ತಿ ಹೊದಿಸಲು ಅವರ ಕೈ ಮುಂದೆ ಬರಲಿಲ್ಲ. ನಮ್ಮಲ್ಲಿ ಯಾರ ಕೈಯೂ ಬರಲಿಲ್ಲ.

ಮಾಸ್ತಪ್ಪ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಕೂಟದ ದಿನ ಬಗ್ಗಿಸಿದ ಕತ್ತನ್ನು ಮತ್ತೆ ಸ್ವಲ್ಪ ಬಗ್ಗಿಸಿ ಕಾದರು. ಆಮೇಲೆ ತಾವೇ ಶಾಲನ್ನೆತ್ತಿ ಹೆಗಲಿಗೆ ಹಾಕಿಕೊಂಡರು.

“ಅವನಿಗೆ ಹೆದರಿ ಕೊಟ್ರಿ,” ಎಂದರು. “ನೋಡಿದ್ರಾ, ಇದೂ ಅವನಿಂದಲೇ ಸಿಕ್ಕಿದ ಹಾಗಾಯ್ತು.”

ಹಂಡೆಯಲ್ಲಿ ನೀರು ಕೊತಕೊತ ಕುದಿಯತೊಡಗಿತ್ತು. ಒಲೆಗೆ ಸೌದೆ ತಳ್ಳಿ ಬಹಳ ಹೊತ್ತಾಗಿತ್ತು. ಯಾರೂ ಬಕೆಟ್ ಎತ್ತಲಿಲ್ಲ.

“ತುಂಬ್ಕೊಂಡು ಒಳಗೆ ಹೋಗಿ,” ಎಂದರು ಮಾಸ್ತಪ್ಪ, ಕುಚ್ಚಿನ ಸಾಲಿನ ಮೇಲೆ ಬೆರಳಾಡಿಸುತ್ತ. “ಇವತ್ತು ರಾತ್ರಿಯ ಗಂಟು ಇನ್ನೂ ಬಿದ್ದಿಲ್ಲ.”