ಜಂದ್ ಕಡೆಯವರು

ಶಿರಾಜ್‌ನ ಆಸ್ಪತ್ರೆಯಲ್ಲಿ ನಾನು ತಮ್ಮನಿಗಾಗಿ ಕಾಯುತ್ತಿದ್ದೆ. ಬೆಳಿಗ್ಗೆ ಉರುಳಿದ ಬಸ್ಸಿನಲ್ಲಿದ್ದವರ ಮನೆಮಂದಿಯೇ ಸುತ್ತಲೂ ಇದ್ದರು. ಮೇಲಕ್ಕೆ ಕರೆದರೆ ಜೀವ ಇದೆ, ಕೆಳಗೆ ಕರೆದರೆ ಇಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಕ್ಕದಲ್ಲಿ ಒಬ್ಬ ಮುದುಕ, ಒಬ್ಬ ಹೆಂಗಸು ಮಾತಾಡುತ್ತಿದ್ದರು.

"ನಿನ್ನ ಗಂಡನ ಮನೆತನದ ಹೆಸರೂ ಜಂದಾ? ಈ ಊರು ಆಳಿದ ಹಳೇ ರಾಜರ ಕಡೇನಾ?"

"ಯಾವ ರಾಜರು ಹಾಜಿ. ಉಪ್ಪಿನಕಾಯಿ ಮಾರ್ತಾರೆ."

"ನನ್ನ ಮಗ ಪಂಚರ್ ಹಾಕ್ತಾನೆ. ಊರಿನ ದೊಡ್ಡ ರಸ್ತೆಗೆ ನಮ್ಮ ಹೆಸರೇ ಇದೆ, ಅದರಲ್ಲಿ ನಮಗೊಂದು ಅಂಗಡಿ ಇಲ್ಲ."

ಕಾವಲುಗಾರ ಬಾಗಿಲಿಗೆ ಬಂದ. "ಜಂದ್ ಕಡೆಯವರು ಕೆಳಗೆ ಬನ್ನಿ."

ಇಬ್ಬರೂ ಏಳಲಿಲ್ಲ.

"ನೀವು ದೊಡ್ಡೋರು. ನೀವೇ ಮೊದಲು."

"ಛೆ ಛೆ, ನೀನು ಹೋಗಮ್ಮ."

"ನಿಮ್ಮನ್ನ ದಾಟಿ ಹೋದ್ರೆ ಮರ್ಯಾದೆ ಅಲ್ಲ."

ಬಾಗಿಲು ಕಂಡಲ್ಲೆಲ್ಲ ನಮ್ಮವರು ಹೀಗೆ ಉಪಚಾರದ ಮಾತಾಡುತ್ತಾರೆ. ಯಾರೂ ಅದನ್ನು ಇಷ್ಟು ಮನಸಾರೆ ಆಡಿದ್ದನ್ನು ನಾನು ಕಂಡಿರಲಿಲ್ಲ.

ಕಾವಲುಗಾರ ಚೀಟಿ ನೋಡಿದ. "ತಂದೆ ಹೆಸರು ಕರಮುಲ್ಲಾ."

"ನಾನೇ," ಎಂದ ಮುದುಕ.

"ಸದ್ಯ, ದೇವರು ದೊಡ್ಡೋನು." ಹೆಂಗಸಿನ ಬಾಯಿಂದ ಅದು ಬಂದೇಬಿಟ್ಟಿತು. ಆಮೇಲೆ ತಲೆಗೆ ಹೊದ್ದ ಚಾದರದ ಅಂಚನ್ನು ಬಾಯಿಗೆ ತುರುಕಿಕೊಂಡಳು.

"ಇರಲಿ ಬಿಡು ತಾಯಿ. ನಿನ್ನ ಮಾವನ ಹೆಸರು ಬಂದಿದ್ರೆ ನಾನೂ ಹಾಗೇ ಅಂತಿದ್ದೆ."

"ನಾನೂ ಜೊತೆಗೆ ಬರ್ತೀನಿ ಹಾಜಿ."

ಮೆಟ್ಟಿಲ ಬಾಗಿಲಲ್ಲಿ ಅವಳು ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದು, "ನೀವು ಮೊದಲು," ಎಂದಳು.

"ಹೌದಮ್ಮ," ಎಂದ ಮುದುಕ, "ಈ ಸಲ ನಾನೇ ಮೊದಲು."